ಕಿವಿ ಬಿಳಿಚಿದ ಮರಿಗಳು: ಕಾಳಿ ದಂಡೆಯ ಒಂದು ಹಂದಿ ಮನೆಯ ಪ್ರಕರಣ

ಹಂದಿಮರಿಗೆ ರಕ್ತ ಸಾಲದೇ ಹೋಗಿದ್ಯಾ ಅಂತ ತಿಳಿಯೋದಕ್ಕೆ ಯಂತ್ರವೇ ಬೇಕು ಅಂತಿಲ್ಲ. ಮರಿಯನ್ನು ಎತ್ತಿ ಕಿವಿಯನ್ನು ಬೆಳಕಿಗೆ ಹಿಡಿಯಬೇಕು. ಚೆನ್ನಾಗಿರುವ ಬಿಳಿ ಮರಿಯ ಕಿವಿ ಗುಲಾಬಿ ಬಣ್ಣದಲ್ಲಿರುತ್ತೆ, ಒಳಗೆ ಕೆಂಪು ನರಗಳು ಕವಲೊಡೆದು ಕಾಣುತ್ತವೆ. ಜುಲೈ ಮೊದಲ ವಾರ ಕಾರವಾರದಿಂದ ಒಳಗೆ, ಕಾಳಿ ಹೊಳೆಯ ದಂಡೆಯ ಒಂದು ಮನೆಯಲ್ಲಿ ನಾನು ಎತ್ತಿಕೊಂಡ ಮರಿಯ ಕಿವಿ ಎಣ್ಣೆ ಹಚ್ಚಿದ ಕಾಗದದ ಹಾಗಿತ್ತು. ನರವೇ ಕಾಣಲಿಲ್ಲ. ಹನ್ನೆರಡು ದಿನದ ಮರಿ ಅದು, ನೋಡೋಕೆ ದುಂಡಗೇ ಇತ್ತು, ಆದರೆ ಪಕ್ಕೆಗಳು ಓಡಿ ಬಂದ ನಾಯಿಯ ಹಾಗೆ ಹೊಡೆದುಕೊಳ್ಳುತ್ತಿದ್ದವು.

ನಾನು ಪಶುವೈದ್ಯ. ಹೆಚ್ಚಾಗಿ ದನ, ಎಮ್ಮೆ, ನಾಯಿ ನೋಡುತ್ತೇನೆ. ನಮ್ಮ ಕಡೆ ಹಂದಿ ಸಾಕುವವರು ಕಡಿಮೆ, ಸಾಕಿದವರು ಡಾಕ್ಟರನ್ನು ಕರೆಯುವುದು ಇನ್ನೂ ಕಡಿಮೆ. ಈ ಪ್ರಕರಣದಲ್ಲಿ ನಾನು ಒಂದು ಕಡೆ ಸರಿ ಮಾಡಿದೆ, ಇನ್ನೊಂದು ಕಡೆ ತಪ್ಪಿದೆ, ತಪ್ಪಿದ್ದಕ್ಕೆ ಮೂರು ಮರಿ ಹೋದವು. ಅದನ್ನೂ ಸೇರಿಸಿ ಪೂರ್ತಿ ಬರೆಯುತ್ತಿದ್ದೇನೆ, ಯಾಕಂದ್ರೆ ಕರಾವಳಿಯಲ್ಲಿ ತೌಡು, ಮೀನು, ಚಿಪ್ಪಿನ ಪುಡಿ ಹಾಕಿ ಹಂದಿ ಸಾಕುವ ಯಾರ ಮನೆಯಲ್ಲೂ ಇದೇ ಆಗಬಹುದು.

ಮನೆಯಲ್ಲಿ ಏನಿತ್ತು

ಆರು ತಾಯಿಹಂದಿ, ಒಂದು ಗಂಡು, ಮಾರಾಟಕ್ಕೆ ಬೆಳೆಸುತ್ತಿದ್ದ ಒಂದಿಷ್ಟು ಎಳೆಹಂದಿ. ಎಲ್ಲವೂ ಯಾರ್ಕ್‌ಶೈರ್ ಮಿಶ್ರತಳಿ. ನೋಡಿಕೊಳ್ಳುವವರು ಮನೆಯ ಅಕ್ಕ, ಸುಮಾರು ಐವತ್ತರ ವಯಸ್ಸು, ಮದುವೆಯಾಗಿ ಬಂದಾಗಿನಿಂದ ಹಂದಿ ಸಾಕಿದವರು. ಮಾಜಾಳಿ ದಾಟಿದರೆ ಗೋವಾ, ಹಾಗಾಗಿ ಮಾರಾಟಕ್ಕೆ ತೊಂದರೆಯಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ತೂಕ ಬರಬೇಕು, ಅಷ್ಟೇ ಲೆಕ್ಕ.

ಮುಂಚೆ ಚಿರೇಕಲ್ಲಿನ ಗೋಡೆ, ಕೆಂಪು ಮಣ್ಣಿನ ನೆಲ, ಮೇಲೆ ತೆಂಗಿನ ಗರಿ. ಮಳೆಗಾಲದಲ್ಲಿ ಕೆಸರು, ವಾಸನೆ, ಹುಳ. ಒಂದು ವರ್ಷದ ಹಿಂದೆ ಸಾಲ ಮಾಡಿ ಸಿಮೆಂಟ್ ನೆಲ ಹಾಕಿಸಿದರು. ದಿನಾ ಎರಡು ಸಲ ತೊಳೆಯುತ್ತಾರೆ, ನಾನು ನೋಡಿದ ಹಂದಿ ಮನೆಗಳಲ್ಲಿ ಇಷ್ಟು ಶುಚಿಯಾಗಿರುವುದು ಇನ್ನೊಂದಿಲ್ಲ. ಆ ಸಿಮೆಂಟಿನ ಮೇಲೆ ಹುಟ್ಟಿದ ಮೊದಲ ಮರಿಗಳಲ್ಲಿ ಕೆಲವು ಸತ್ತವು. ಸೆಖೆ ಇರಬೇಕು ಅಂದುಕೊಂಡರಂತೆ. ಈ ಸಲ ಜೂನ್ ಕೊನೆಯಲ್ಲಿ ನಾಲ್ಕನೇ ಸೂಲಿನ ಹಂದಿ ಹನ್ನೊಂದು ಮರಿ ಹಾಕಿತು. ಮೂರು ಸತ್ತೇ ಹುಟ್ಟಿದವು. ಹೆರಿಗೆ ಮುಗಿಯೋಕೆ ಸುಮಾರು ಏಳು ಗಂಟೆ ಹಿಡಿಯಿತು, ಚೆನ್ನಾಗಿರುವ ಹಂದಿಗೆ ಮೂರ್ನಾಲ್ಕು ಗಂಟೆ ಸಾಕು. ಉಳಿದ ಎಂಟರಲ್ಲಿ ಹತ್ತನೇ ದಿನ ಒಂದು ಸತ್ತಿತು, ಹನ್ನೊಂದನೇ ದಿನ ಇನ್ನೊಂದು. ಅಕ್ಕನಿಗೆ ಅರ್ಥವಾಗದ ವಿಷಯ ಏನಂದ್ರೆ, ಸತ್ತವು ಸೊರಗಿದ ಮರಿಗಳಲ್ಲ. ಎಲ್ಲಕ್ಕಿಂತ ದೊಡ್ಡವೇ ಮೊದಲು ಹೋದವು. ಬೆಳಿಗ್ಗೆ ಹಾಲು ಕುಡಿದು ಮಲಗಿದ್ದು ಮತ್ತೆ ಏಳಲಿಲ್ಲ.

ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಬೇಗ ಬೆಳೆಯುವ ಮರಿಗೆ ರಕ್ತ ಜಾಸ್ತಿ ಬೇಕು. ರಕ್ತ ಮಾಡೋಕೆ ಕಬ್ಬಿಣ ಬೇಕು. ಕಬ್ಬಿಣ ಮುಗಿದಾಗ ಮೊದಲು ಬೀಳುವುದು ಚೆನ್ನಾಗಿ ಬೆಳೆದ ಮರಿಯೇ.

ಕಿವಿಯ ನರದಿಂದ ಒಂದು ತೊಟ್ಟು ತೆಗೆದು ಹಳೇ ಸಾಹ್ಲಿ ಮೀಟರಿನಲ್ಲಿ ನೋಡಿದೆ. ಹಿಮೋಗ್ಲೋಬಿನ್ 4.8. ಹನ್ನೊಂದರ ಮೇಲಿದ್ದರೆ ಚೆನ್ನಾಗಿದೆ ಅನ್ನಬಹುದು, ಒಂಬತ್ತರ ಕೆಳಗಿಳಿದರೆ ರಕ್ತಹೀನತೆ. ಹಿಂದಿನ ದಿನ ಸತ್ತ ಮರಿಯನ್ನು ಅವರು ಇನ್ನೂ ಹೂಳಿರಲಿಲ್ಲ, ಕೊಯ್ದು ನೋಡಿದೆ. ರಕ್ತ ನೀರು ನೀರು, ಹೃದಯ ಊದಿಕೊಂಡು ಸಡಿಲವಾಗಿತ್ತು, ಎದೆಗೂಡಿನಲ್ಲಿ ನೀರು ತುಂಬಿತ್ತು.

"ಕಬ್ಬಿಣದ ಟಾನಿಕ್ ಹಾಕಿದ್ದೆನಲ್ಲ ಡಾಕ್ಟ್ರೇ"

ಅಕ್ಕ ಹೀಗೆ ಹೇಳಿ ಒಳಗಿಂದ ಬಾಟಲಿ ತಂದು ತೋರಿಸಿದರು. ಗಬ್ಬದ ಕೊನೇ ತಿಂಗಳು ಪೂರ್ತಿ ತಾಯಿಹಂದಿಗೆ ಕುಡಿಸಿದ್ದಾರೆ. ಮೊದಲ ಸಲ ಮರಿ ಸತ್ತಾಗ ಯಾರೋ ಹೇಳಿದ್ದರಂತೆ, ತಾಯಿಗೆ ರಕ್ತ ಕಡಿಮೆ, ಅದಕ್ಕೇ ಮರಿಗೂ ಕಡಿಮೆ ಅಂತ. ಕೇಳೋಕೆ ಸರಿಯಾಗಿಯೇ ಇದೆ ಅಲ್ವಾ? ಬಸುರಿ ಹೆಂಗಸರಿಗೆ ಕಬ್ಬಿಣದ ಮಾತ್ರೆ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಅವರು ಎಷ್ಟು ಕಾಳಜಿಯಿಂದ ಕುಡಿಸಿದ್ದರು ಅಂದರೆ, ಉಪಯೋಗವಾಗಲಿಲ್ಲ ಅಂತ ಹೇಳೋಕೆ ನನಗೆ ಕಷ್ಟವಾಯಿತು.

ಹಂದಿಯ ಗರ್ಭಚೀಲ ಕಬ್ಬಿಣವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತೆ. ತಾಯಿಗೆ ಎಷ್ಟು ತಿನ್ನಿಸಿದರೂ ಮರಿ ಹುಟ್ಟುವಾಗ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣ ಮಾತ್ರ ಇರುತ್ತೆ. ಹಾಲಿನಲ್ಲಿ ದಿನಕ್ಕೆ ಒಂದು ಮಿಲಿಗ್ರಾಂ ಬಂದರೆ ದೊಡ್ಡದು, ಟಾನಿಕ್ ಕುಡಿಸಿದರೆ ಅದೂ ಏರಲ್ಲ. ಮರಿಗೆ ದಿನಕ್ಕೆ ಏಳರಿಂದ ಹತ್ತು ಮಿಲಿಗ್ರಾಂ ಬೇಕು, ಯಾಕಂದ್ರೆ ಒಂದೇ ವಾರದಲ್ಲಿ ಅದರ ತೂಕ ಎರಡು ಪಟ್ಟಾಗುತ್ತೆ. ಹುಟ್ಟುವಾಗ ತಂದ ಗಂಟು ವಾರ ಹತ್ತು ದಿನದಲ್ಲಿ ಖಾಲಿ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಮೆಕ್‌ಗೊವನ್ ಮತ್ತು ಕ್ರೈಟನ್ 1920ರ ದಶಕದಲ್ಲೇ ಹಂದಿಮರಿಯ ಈ ಕಾಯಿಲೆಗೆ ಕಬ್ಬಿಣದ ಕೊರತೆಯೇ ಕಾರಣ ಅಂತ ತೋರಿಸಿದ್ದರು.

ಹಾಗಾದರೆ ಹಿಂದಿನ ವರ್ಷಗಳಲ್ಲಿ ಮರಿಗಳು ಹೇಗೆ ಬದುಕಿದವು? ಅಕ್ಕ ಕೇಳಿದ್ದೂ ಇದನ್ನೇ. ನಾನು ಅವರ ಅಂಗಳ ತೋರಿಸಿದೆ. ಮಳೆಗೆ ಕೆಂಪಾಗಿ ಹರಿಯುವ ಆ ಮಣ್ಣು, ಗೋಡೆಯ ಚಿರೇಕಲ್ಲು, ಬಾವಿಯ ಕಟ್ಟೆಯ ಮೇಲಿನ ಕೆಂಪು ಕಲೆ, ಎಲ್ಲವೂ ಕಬ್ಬಿಣವೇ. ಮಣ್ಣಿನ ನೆಲ ಇದ್ದಾಗ ಮರಿಗಳು ಎರಡನೇ ದಿನದಿಂದಲೇ ಮೂತಿಯಿಂದ ಕೆದಕಿ ಮಣ್ಣು ತಿನ್ನುತ್ತಿದ್ದವು. ಮಣ್ಣಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ ಆದರೂ ದಿನಾ ತಿಂದು ತಿಂದು ಅದು ಸಾಕಾಗುತ್ತಿತ್ತು. ಸಿಮೆಂಟ್ ಹಾಕಿದ ದಿನ ಆ ದಾರಿ ಮುಚ್ಚಿತು. ಸಿಮೆಂಟ್ ಹಾಕಿಸಿದ್ದು ತಪ್ಪಲ್ಲ, ಹುಳದ ಕಾಟ ನಿಜವಾಗಿಯೂ ಕಡಿಮೆಯಾಗಿದೆ. ಆದರೆ ನೆಲ ಬದಲಾದಾಗ ಮರಿಗೆ ಕಬ್ಬಿಣ ಬೇರೆ ದಾರಿಯಿಂದ ಬರಬೇಕು ಅಂತ ಸಾಲ ಕೊಟ್ಟವರೂ ಹೇಳಲಿಲ್ಲ, ಕಟ್ಟಿದವರೂ ಹೇಳಲಿಲ್ಲ.

ಉಳಿದ ಆರು ಮರಿಗೂ ಕುತ್ತಿಗೆಯ ಮಾಂಸಕ್ಕೆ ಐರನ್ ಡೆಕ್ಸ್‌ಟ್ರಾನ್ ಅನ್ನುವ ಕಬ್ಬಿಣದ ಇಂಜೆಕ್ಷನ್ ಕೊಟ್ಟೆ, ಒಂದಕ್ಕೆ 200 ಮಿಲಿಗ್ರಾಂ. ನಿಜವಾಗಿ ಇದನ್ನು ಮೂರನೇ ದಿನವೇ ಕೊಡಬೇಕಿತ್ತು. ಒಂದು ಮರಿ ಅದೇ ರಾತ್ರಿ ಸತ್ತಿತು. ಅದು ಆಗಲೇ ತೀರಾ ಸೋತಿತ್ತು ಅಂದುಕೊಂಡೆ. ಉಳಿದ ಐದು ವಾರದೊಳಗೆ ಚೇತರಿಸಿಕೊಂಡವು, ಕಿವಿ ಗುಲಾಬಿಯಾಯಿತು.

ಪಕ್ಕದ ಗೂಡಿನ ಕಜ್ಜಿ

ಇಲ್ಲಿಗೇ ಮುಗಿಸಿ ಬರಬಹುದಿತ್ತು. ಆದರೆ ಸತ್ತು ಹುಟ್ಟಿದ ಮೂರು ಮರಿ, ಏಳು ಗಂಟೆಯ ಹೆರಿಗೆ, ಇವಕ್ಕೂ ಮರಿಯ ಕಬ್ಬಿಣಕ್ಕೂ ಸಂಬಂಧ ಇಲ್ಲ. ಪಕ್ಕದ ಗೂಡಿನಲ್ಲಿ ಮೂರು ತಿಂಗಳ ಎರಡು ಎಳೆಹಂದಿ ಇದ್ದವು. ಕಾಲು, ಹೊಟ್ಟೆ, ತೊಡೆಯ ಮೇಲೆ ಕಂದು ಬಣ್ಣದ ಒಣ ಹೊಪ್ಪಳೆ, ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿತ್ತು. ಕಜ್ಜಿ ಅಂತ ಎರಡು ಸಲ ಐವರ್ಮೆಕ್ಟಿನ್ ಕೊಡಿಸಿದ್ದಾರೆ, ಇಳಿದಿಲ್ಲ.

ಒಂದು ಸ್ಟೂಲ್ ಹಾಕಿಕೊಂಡು ಕಾಲು ಗಂಟೆ ಅವನ್ನೇ ನೋಡುತ್ತಾ ಕೂತೆ. ಕಜ್ಜಿ ಹುಳ ಇದ್ದ ಹಂದಿ ಸುಮ್ನೆ ಇರಲ್ಲ, ಗೋಡೆಗೆ ಮೈ ತಿಕ್ಕುತ್ತಲೇ ಇರುತ್ತೆ. ಇವು ಒಂದು ಸಲವೂ ತಿಕ್ಕಲಿಲ್ಲ. ಹೊಪ್ಪಳೆ ಇದೆ, ತುರಿಕೆ ಇಲ್ಲ, ಎರಡೂ ಕಾಲಿನ ಮೇಲೆ ಒಂದೇ ರೀತಿ. ಇದು ಸತುವಿನ ಕೊರತೆ, ಅಂದರೆ ಝಿಂಕ್. ಪ್ಯಾರಾಕೆರಟೋಸಿಸ್ ಅಂತ ಹೆಸರು. ಅಮೆರಿಕದ ಟಕರ್ ಮತ್ತು ಸಾಲ್ಮನ್ ಎನ್ನುವವರು 1955ರಲ್ಲಿ ಇದು ಸತುವಿಂದ ವಾಸಿಯಾಗುತ್ತೆ ಅಂತ ತೋರಿಸಿಕೊಟ್ಟರು. ಚರ್ಮದ ಮೇಲೆ ಎದ್ದು ಕಾಣುವುದು ಬೆಳೆಯುವ ಹಂದಿಯಲ್ಲಿ. ದೊಡ್ಡ ತಾಯಿಹಂದಿಯಲ್ಲಿ ಅಷ್ಟು ಕಾಣದೇ ಇರಬಹುದು, ಆದರೆ ಸತು ಸಾಲದಿದ್ದರೆ ಹೆರಿಗೆ ಎಳೆಯುತ್ತೆ, ಮರಿ ಒಳಗೇ ಸಾಯುತ್ತೆ. ಎಳೆಹಂದಿಯೂ ತಾಯಿಯೂ ತಿನ್ನುವುದು ಒಂದೇ ಹಂಡೆಯ ಊಟ. ಹಾಗಾಗಿ ಹಂಡೆಯಲ್ಲಿ ಏನಿದೆ ಅಂತ ನೋಡಬೇಕಾಯಿತು.

ಹಂಡೆಯಲ್ಲಿ ಮೂರು ಪಾಲು ಅಕ್ಕಿ ತೌಡು, ಮೇಲೆ ಹೋಟೆಲಿಂದ ತಂದ ಅನ್ನ, ತರಕಾರಿ ಸಿಪ್ಪೆ, ಮೀನಿನ ತಲೆ ಮತ್ತು ಕರುಳು, ಸ್ವಲ್ಪ ಸಾಣಿಕಟ್ಟೆ ಉಪ್ಪು. ಎಲ್ಲವನ್ನೂ ಚೆನ್ನಾಗಿ ಕುದಿಸುತ್ತಾರೆ. ಅದನ್ನು ಬಿಡಬೇಡಿ ಅಂತ ಒತ್ತಿ ಹೇಳಿದೆ. 2020ರಲ್ಲಿ ಅಸ್ಸಾಂ ಕಡೆಯಿಂದ ಆಫ್ರಿಕನ್ ಹಂದಿ ಜ್ವರ ನಮ್ಮ ದೇಶಕ್ಕೆ ಬಂದಿದೆ, ಕುದಿಸದ ಹೋಟೆಲ್ ಊಟ ಅದಕ್ಕೆ ದೊಡ್ಡ ದಾರಿ. ಕೊನೆಯಲ್ಲಿ ಎರಡು ಮುಷ್ಟಿ ಬಿಳಿ ಪುಡಿ. ಏನಿದು ಅಂದೆ. ತಿಸ್ರೆ, ಬಳಚಿನ ಚಿಪ್ಪು ಸುಟ್ಟು ಪುಡಿ ಮಾಡಿದ್ದು, ಎಲುಬಿಗೆ ಒಳ್ಳೇದು, ಹಾಲು ಜಾಸ್ತಿ ಬರುತ್ತೆ ಅಂದರು. ಒಂದು ಹಂದಿಯ ಪಾಲನ್ನು ತಕ್ಕಡಿಗೆ ಹಾಕಿ ನೋಡಿದೆವು, 110 ಗ್ರಾಂ.

ಲೆಕ್ಕ ಹಾಕೋಣ. ಚಿಪ್ಪಿನ ಪುಡಿಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ. 110 ಗ್ರಾಂನಲ್ಲಿ ಸುಮಾರು 40 ಗ್ರಾಂ ಕ್ಯಾಲ್ಸಿಯಂ ಆಯಿತು. ದಿನಕ್ಕೆ ಎರಡೂವರೆ ಕಿಲೋ ಒಣ ಮೇವು ತಿನ್ನುವ ಗಬ್ಬದ ಹಂದಿಗೆ ಬೇಕಾಗಿರುವುದು 15ರಿಂದ 20 ಗ್ರಾಂ. ಮೀನಿನ ಮುಳ್ಳಿನದು ಇನ್ನೂ ಬೇರೆ. ಈ ಕಡೆ ತೌಡಿನಲ್ಲಿ ಫೈಟೇಟ್ ಅಂತ ಒಂದು ವಸ್ತು ಧಾರಾಳವಾಗಿದೆ, ಅದು ಸತುವನ್ನು ಹಿಡಿದುಕೊಳ್ಳುತ್ತೆ. ಜೊತೆಗೆ ಸುಣ್ಣವೂ ಸೇರಿದರೆ ಮೂರೂ ಕೂಡಿ ಗಟ್ಟಿ ಗಂಟಾಗಿ ಕರುಳಿನಲ್ಲಿ ಕರಗದೆ ಸೆಗಣಿಯಲ್ಲಿ ಹೊರಗೆ ಹೋಗುತ್ತೆ. ತೌಡನ್ನು ಪರೀಕ್ಷೆಗೆ ಕಳಿಸಿದರೆ ಕಿಲೋಗೆ ಅರವತ್ತರ ಹತ್ತಿರ ಮಿಲಿಗ್ರಾಂ ಸತು ಇದೆ ಅಂತಲೇ ವರದಿ ಬಂದೀತು, ಅದರಲ್ಲಿ ಹಂದಿಯ ಮೈಗೆ ಹೋಗುವುದು ಅಲ್ಪ. ಬೇಕಾಗಿರುವುದು ಕಿಲೋ ಮೇವಿಗೆ 100. ಹೊಳೆಯ ಚಿಪ್ಪು ಬಿಟ್ಟಿ ಸಿಗುತ್ತೆ, ಅದಕ್ಕೇ ಕೈ ಧಾರಾಳ. ನಮ್ಮ ಕಾಳಿ, ಗಂಗಾವಳಿ, ಅಘನಾಶಿನಿ ಮೂರೂ ಹೊಳೆಗಳ ಅಳಿವೆಯಲ್ಲಿ ಚಿಪ್ಪಿಗೆ ಬರವಿಲ್ಲ.

ಅಯೋಡಿನ್ ಬಗ್ಗೆಯೂ ನೋಡಿದೆ, ಯಾಕಂದ್ರೆ ಗದ್ದೆಯಂಥ ಪಾತಿಯಲ್ಲಿ ಮಾಡುವ ಸಾಣಿಕಟ್ಟೆ ಉಪ್ಪಿಗೆ ಪ್ಯಾಕೆಟ್ ಉಪ್ಪಿನ ಹಾಗೆ ಅಯೋಡಿನ್ ಬೆರೆಸಿರಲ್ಲ. ತಾಯಿಗೆ ಅಯೋಡಿನ್ ಇಲ್ಲದಿದ್ದರೆ ಮರಿಗಳು ಕೂದಲಿಲ್ಲದೆ, ಕುತ್ತಿಗೆ ಊದಿಕೊಂಡು ಹುಟ್ಟುತ್ತವೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಮೊಂಟಾನಾದಲ್ಲಿ ಹೀಗೆ ರಾಶಿ ರಾಶಿ ಮರಿಗಳು ಸತ್ತಿದ್ದವು. ಇಲ್ಲಿ ಸತ್ತು ಹುಟ್ಟಿದ ಮರಿಗಳಿಗೂ ಕೂದಲು ಚೆನ್ನಾಗಿತ್ತು ಅಂತ ಅಕ್ಕ ಹೇಳಿದರು. ಸಮುದ್ರದ ಮೀನು ತಿನ್ನುವ ಹಂದಿಗೆ ಅದರ ಚಿಂತೆ ಕಡಿಮೆ. ಮ್ಯಾಂಗನೀಸ್ ತೌಡಿನಲ್ಲೇ ಬೇಕಾದಷ್ಟಿದೆ. ಅವೆರಡನ್ನೂ ಬದಿಗಿಟ್ಟೆ.

ಚಿಪ್ಪಿನ ಪುಡಿಯನ್ನು 30 ಗ್ರಾಂಗೆ ಇಳಿಸಿದೆವು, ಒಂದು ಸಣ್ಣ ಚಹಾ ಲೋಟದಲ್ಲಿ ಗೆರೆ ಹಾಕಿ ಕೊಟ್ಟೆ. ಪೂರ್ತಿ ನಿಲ್ಲಿಸಲಿಲ್ಲ, ಹಾಲೂಡುವ ತಾಯಿಗೆ ಸುಣ್ಣ ಬೇಕೇ ಬೇಕು. ಎಳೆಹಂದಿಗಳಿಗೆ ಸತು ಶುರು ಮಾಡಿದೆ. ಗದ್ದೆಗೆ ಹಾಕುವ ಝಿಂಕ್ ಸಲ್ಫೇಟ್ ಮನೆಯಲ್ಲೇ ಇದೆ, ಅದನ್ನೇ ಹಾಕಲಾ ಅಂತ ಅವರ ಮಗ ಕೇಳಿದ. ಬೇಡ ಅಂದೆ. ಗೊಬ್ಬರದ ದರ್ಜೆಯದರಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು, ಮೇವಿಗೆಂದೇ ಮಾಡಿದ್ದು ಬೇರೆ ಸಿಗುತ್ತೆ. ಮೂರು ವಾರದಲ್ಲಿ ಹೊಪ್ಪಳೆ ಉದುರಿ ಕೆಳಗೆ ಹೊಸ ಚರ್ಮ ಕಾಣಿಸಿತು. ಅಷ್ಟು ಬೇಗ ಇಳಿದದ್ದು ನೋಡಿ ನನಗೆ ಧೈರ್ಯ ಬಂತು. ಆ ಧೈರ್ಯ ಜಾಸ್ತಿಯಾಯಿತು ಅಂತ ಈಗ ಅನ್ನಿಸುತ್ತೆ.

ಆಗಸ್ಟ್

ಆಗಸ್ಟ್ ಎರಡನೇ ವಾರ ಇನ್ನೊಂದು ಹಂದಿ ಒಂಬತ್ತು ಮರಿ ಹಾಕಿತು, ಒಂಬತ್ತೂ ಜೀವಂತ. ಮೂರನೇ ದಿನ ಹೋಗಿ ನಾನೇ ಕೈಯಾರೆ ಎಲ್ಲಕ್ಕೂ ಕಬ್ಬಿಣದ ಇಂಜೆಕ್ಷನ್ ಕೊಟ್ಟೆ. ಪುಸ್ತಕದಲ್ಲಿದ್ದ ಹಾಗೆ, ಸರಿಯಾದ ದಿನ, ಸರಿಯಾದ ಪ್ರಮಾಣ. ಮಧ್ಯಾಹ್ನ ಹನ್ನೊಂದಕ್ಕೆ ಕೊಟ್ಟಿದ್ದು. ಸಂಜೆ ಐದಕ್ಕೆ ಫೋನ್ ಬಂತು. ಎರಡು ಮರಿ ಸತ್ತಿವೆ, ಇನ್ನೆರಡು ಕಾಲು ಎಳೆಯುತ್ತಿವೆ.

ಗಾಡಿ ಓಡಿಸುತ್ತಾ ಸೂಜಿ, ಬ್ಯಾಚು, ಔಷಧ ಹಾಳಾಗಿತ್ತಾ ಅಂತೆಲ್ಲ ಯೋಚಿಸಿದೆ. ಸತ್ತ ಮರಿಯ ಕುತ್ತಿಗೆ ಕೊಯ್ದೆ. ಸೂಜಿ ಚುಚ್ಚಿದ ಜಾಗ ಸುತ್ತಲೂ ಕಡು ಕಂದು ಬಣ್ಣಕ್ಕೆ ತಿರುಗಿ ನೀರು ಕಟ್ಟಿತ್ತು. ತೊಡೆಯ ಮಾಂಸ ಬಿಡಿಸಿದೆ. ಕೆಂಪಾಗಿರಬೇಕಾದ ಮಾಂಸ ಬೇಯಿಸಿದ ಮೀನಿನ ಹಾಗೆ ಬಿಳಿಚಿಕೊಂಡಿತ್ತು.

ಆಗ ನೆನಪಾಯಿತು. ಜುಲೈಯಲ್ಲಿ ಮೊದಲ ದಿನವೇ ಅಕ್ಕ ಒಂದು ಮಾತು ಹೇಳಿದ್ದರು. ಹೋದ ಸಲ ಮಾರಿದ ಹಂದಿಯ ಕೊಬ್ಬು ಹಳದಿಯಾಗಿತ್ತು, ಮೀನಿನ ವಾಸನೆ ಬರುತ್ತಿತ್ತು ಅಂತ ತಗೊಂಡವರು ರೇಟು ಇಳಿಸಿದರು ಅಂತ. ನಾನು ಹೌದಾ ಅಂದು ಮುಂದಕ್ಕೆ ಹೋಗಿದ್ದೆ. ಹಂದಿಯಲ್ಲಿ ಹಳದಿ ಕೊಬ್ಬು ಅಂದರೆ ಮೀನಿನ ಎಣ್ಣೆ ಜಾಸ್ತಿ, ವಿಟಮಿನ್ ಇ ಕಡಿಮೆ. ಕಾಲೇಜಿನಲ್ಲಿ ಓದಿದ ಪಾಠ ಅದು, ಕಣ್ಣೆದುರೇ ಬಂದಾಗ ಹೊಳೆಯಲಿಲ್ಲ.

ವಿಟಮಿನ್ ಇ ಮತ್ತು ಸೆಲೆನಿಯಂ ಮೈಯಲ್ಲಿ ಜೊತೆಯಾಗಿ ಕೆಲಸ ಮಾಡುತ್ತವೆ. ಮಾಂಸದ ಕಣಗಳ ಸುತ್ತ ಇರುವ ತೆಳು ಕೊಬ್ಬಿನ ಪೊರೆ ಹಾಳಾಗದ ಹಾಗೆ ಎರಡೂ ಕಾಯುತ್ತವೆ. ಸೆಲೆನಿಯಂ ತೀರಾ ಚೂರು ಸಾಕು, ಕಿಲೋ ಮೇವಿಗೆ 0.15 ಮಿಲಿಗ್ರಾಂ, ಆದರೆ ಅದಿಲ್ಲದೆ ಪ್ರಾಣಿ ಬದುಕಲ್ಲ ಅಂತ ಗೊತ್ತಾಗಿದ್ದೇ 1957ರಲ್ಲಿ, ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಇಲಿಗಳ ಮೇಲೆ ಮಾಡಿದ ಕೆಲಸದಿಂದ. ಈ ಕಾವಲು ಇಲ್ಲದ ಮರಿಗೆ ಒಮ್ಮೆಗೇ 200 ಮಿಲಿಗ್ರಾಂ ಕಬ್ಬಿಣ ಹೋದರೆ, ಆ ಕಬ್ಬಿಣವೇ ಪೊರೆಯನ್ನು ಸುಡುತ್ತೆ. ಮಾಂಸದ ಕಣ ಒಡೆದು ಒಳಗಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗುತ್ತೆ, ಹೃದಯ ನಿಲ್ಲುತ್ತೆ. ಕೆಲವೇ ಗಂಟೆಯ ವಿಷಯ. ಜುಲೈ ರಾತ್ರಿ ಸತ್ತ ಆ ಒಂದು ಮರಿಯೂ ಬಹುಶಃ ಹೀಗೇ ಹೋಗಿರಬೇಕು.

ಇಲ್ಲಿ ಸೆಲೆನಿಯಂ ತೀರಾ ಕಡಿಮೆ ಇತ್ತು ಅಂತ ನನಗೆ ಅನ್ನಿಸಲ್ಲ, ಮೀನಿನಲ್ಲಿ ಅದು ಚೆನ್ನಾಗಿಯೇ ಇರುತ್ತೆ. ಹೋಗಿದ್ದು ವಿಟಮಿನ್ ಇ. ಹೇಗೆ ಹೋಯಿತು ಅಂತ ಮರುದಿನ ಅವರ ಉಗ್ರಾಣಕ್ಕೆ ಹೋದಾಗ ಮೂಗಿಗೇ ಗೊತ್ತಾಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಬೋಟುಗಳು ಕಡಲಿಗೆ ಇಳಿಯಲ್ಲ, ಬೈತಕೋಲ ಬಂದರಿನಲ್ಲಿ ಮೀನಿನ ತ್ಯಾಜ್ಯ ಸಿಗಲ್ಲ. ಅದಕ್ಕೆ ಅಕ್ಕ ಮೇ ತಿಂಗಳಲ್ಲೇ ತಾರ್ಲೆ, ಬಂಗಡೆಯ ತಲೆ ಕರುಳು ಒಣಗಿಸಿ ಚೀಲ ಕಟ್ಟಿಡುತ್ತಾರೆ. ತಾರ್ಲೆ ಎಷ್ಟು ಎಣ್ಣೆ ಮೀನು ಅಂತ ನಮ್ಮವರಿಗೆ ಹೇಳಬೇಕಾ? ಮಳೆಯ ತೇವಕ್ಕೆ ಆ ಚೀಲ ಕಮಟು ಹಿಡಿದು ಹಳದಿ ಎಣ್ಣೆ ಜಿನುಗುತ್ತಿತ್ತು. ಪಕ್ಕದಲ್ಲಿ ಎರಡು ತಿಂಗಳ ತೌಡಿನ ಮೂಟೆ. ಅಕ್ಕಿ ಗಿರಣಿಯಿಂದ ಬಂದ ತೌಡಿನಲ್ಲಿ ಎಣ್ಣೆ ಜಾಸ್ತಿ, ಗಿರಣಿಯಿಂದ ಬಿದ್ದ ಕ್ಷಣದಿಂದ ಅದು ಕೆಡೋಕೆ ಶುರುವಾಗುತ್ತೆ. ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡಿದೆ, ಗಂಟಲು ಕೆರೆಯುವಷ್ಟು ಕಹಿ. ಕಮಟು ಎಣ್ಣೆ ವಿಟಮಿನ್ ಇ ಯನ್ನು ಮೇವಿನಲ್ಲೂ ತಿನ್ನುತ್ತೆ, ಹಂದಿಯ ಮೈಯಲ್ಲೂ ತಿನ್ನುತ್ತೆ. ತಾಯಿಯ ಹತ್ತಿರವೇ ಇಲ್ಲದಿದ್ದರೆ ಮರಿಗೆ ಎಲ್ಲಿಂದ ಬರಬೇಕು? ವಿಟಮಿನ್ ಇ ಗರ್ಭದಲ್ಲಿ ಮರಿಗೆ ದಾಟುವುದು ತೀರಾ ಕಡಿಮೆ, ಗಿಣ್ಣು ಹಾಲಿನಲ್ಲೇ ಬರಬೇಕು.

ಕಾಲು ಎಳೆಯುತ್ತಿದ್ದ ಎರಡಕ್ಕೂ ವಿಟಮಿನ್ ಇ–ಸೆಲೆನಿಯಂ ಇಂಜೆಕ್ಷನ್ ಕೊಟ್ಟೆ. ಒಂದು ಉಳಿಯಿತು, ಇನ್ನೊಂದು ಇಲ್ಲ. ಅಕ್ಕ ಬೈಯಲಿಲ್ಲ. ಸತ್ತ ಮರಿಯನ್ನು ಗೋಣಿಯಲ್ಲಿ ಸುತ್ತಿ ತೆಂಗಿನ ಬುಡಕ್ಕೆ ಹೂಳೋಕೆ ಹೋದರು, ನಾನೂ ಹಾರೆ ಹಿಡಿದೆ. ಇನ್ನು ಮುಂದೆ ಕೊಡುವ ಮುಂಚೆ ಏನು ನೋಡಬೇಕು ಹೇಳಿ ಅಂದರು. ಅಷ್ಟು ನೇರವಾಗಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು.

ಮೂರನೇ ಹಂದಿ

ಜುಲೈ ಕೊನೆಯಲ್ಲಿ ಗಂಡು ಕೊಟ್ಟಿದ್ದ ಇನ್ನೊಂದು ಹಂದಿ ಇತ್ತು, ಐದನೇ ಸೂಲು. ಹಂದಿಯ ಗಬ್ಬ 114 ದಿನ, ಮೂರು ತಿಂಗಳು ಮೂರು ವಾರ ಮೂರು ದಿನ ಅಂತ ನೆನಪಿಟ್ಟುಕೊಂಡರೆ ಸುಲಭ. ಅಂದರೆ ನವೆಂಬರ್ ಮಧ್ಯಕ್ಕೆ ಮರಿ. ನಮ್ಮ ಕೈಯಲ್ಲಿ ಸುಮಾರು ಮೂರು ತಿಂಗಳಿತ್ತು. ಇಂಥ ಹಳೇ ಹಂದಿಯೇ ನನಗೆ ಜಾಸ್ತಿ ಚಿಂತೆ. ಓಹಿಯೋದ ಮಹಾನ್ ಮತ್ತು ನ್ಯೂಟನ್ 1995ರಲ್ಲಿ ಮೂರು ಸೂಲು ಹಾಲೂಡಿಸಿದ ಹಂದಿಗಳ ಮೈಯಲ್ಲಿರುವ ಖನಿಜವನ್ನೂ, ಅದೇ ವಯಸ್ಸಿನ ಮರಿ ಹಾಕದ ಹಂದಿಗಳದ್ದನ್ನೂ ಹೋಲಿಸಿದ್ದರು. ಮರಿ ಹಾಕಿದವುಗಳಲ್ಲಿ ಕಡಿಮೆ ಇತ್ತು, ಜಾಸ್ತಿ ಮರಿ ಬೆಳೆಸಿದವುಗಳಲ್ಲಿ ಇನ್ನೂ ಕಡಿಮೆ. ಚೆನ್ನಾಗಿ ಹಾಲೂಡಿಸುವ ತಾಯಿ ತನ್ನ ಮೈಯಿಂದ ತೆಗೆದೇ ಕೊಡುತ್ತೆ. ಮರಿಗಳು ಖನಿಜವನ್ನು ಜಾಸ್ತಿ ಎಳೆದುಕೊಳ್ಳುವುದು ಗಬ್ಬದ ಕೊನೇ ತಿಂಗಳಲ್ಲಿ, ಅಷ್ಟರೊಳಗೆ ತಾಯಿಯ ಗಂಟು ತುಂಬಿರಬೇಕು.

ಮೊದಲು ಮಾಡಿದ ಕೆಲಸ ಕಮಟು ಮೀನಿನ ಚೀಲ ಹೊರಗೆ ಹಾಕಿದ್ದು. ಆಗಸ್ಟಿನಲ್ಲಿ ಬೋಟು ಇಳಿದಿದ್ದರಿಂದ ತಾಜಾ ಮೀನು ಸಿಕ್ಕಿತು, ಅದನ್ನೂ ಅರ್ಧಕ್ಕಿಂತ ಕಡಿಮೆ ಮಾಡಿದೆವು. ತೌಡನ್ನು ವಾರಕ್ಕೆ ಒಂದೇ ಮೂಟೆ ತರೋದು, ತಂದ ದಿನವೇ ದೊಡ್ಡ ಬಾಣಲೆಯಲ್ಲಿ ಕೈ ಬಿಡದೆ ಹುರಿದಿಡೋದು. ಬಿಸಿಯಾದರೆ ಎಣ್ಣೆ ಕೆಡಿಸುವ ಅಂಶ ಸಾಯುತ್ತೆ. ಮೂಟೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು. ಕಾಲು ಪಾಲು ತೌಡಿನ ಬದಲು ಗೋಧಿ ಬೂಸಾ ಹಾಕಿ, ಅದನ್ನು ರಾತ್ರಿ ನೀರಿನಲ್ಲಿ ನೆನೆಸಿಡಲು ಹೇಳಿದೆ. ಫೈಟೇಟ್ ಒಡೆಯುವ ಕಿಣ್ವ ಗೋಧಿ ಬೂಸಾದಲ್ಲಿ ಚೆನ್ನಾಗಿದೆ, ಅಕ್ಕಿ ತೌಡಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕುದಿಸಿದರೆ ಆ ಕಿಣ್ವ ಹಾಳಾಗುತ್ತೆ, ಹಾಗಾಗಿ ಬೂಸಾ ಹಂಡೆಗೆ ಬೇಡ, ಆರಿದ ಮೇಲೆ ಬೆರೆಸಬೇಕು. ವಿಟಮಿನ್, ಖನಿಜದ ಪುಡಿಯೂ ಹಾಗೇ, ಆರಿದ ಮೇಲೇ.

ಖನಿಜಕ್ಕೆ ಹಂದಿಗೆಂದೇ ಮಾಡಿದ ಪ್ರೀಮಿಕ್ಸ್, ಅಂದರೆ ಮೊದಲೇ ಅಳೆದು ಬೆರೆಸಿಟ್ಟ ಪುಡಿ, ತರಿಸಿದೆವು. ದನದ್ದು ಮನೆಯಲ್ಲೇ ಇತ್ತು, ಆದರೆ ಅದರಲ್ಲಿ ಸುಣ್ಣವೇ ಜಾಸ್ತಿ, ನಮಗೆ ಬೇಡದ್ದೇ ಅದು. ಗಬ್ಬದ ಹಂದಿಗೆ ಕಿಲೋ ಮೇವಿಗೆ ಸತು 100, ಕಬ್ಬಿಣ 80, ಮ್ಯಾಂಗನೀಸ್ 25, ತಾಮ್ರ 10 ಮಿಲಿಗ್ರಾಂ, ಸೆಲೆನಿಯಂ 0.15, ಅಯೋಡಿನ್ 0.14 ಬೇಕು ಅಂತ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಕೊಟ್ಟ ಪಟ್ಟಿ ಹೇಳುತ್ತೆ, ವಿಟಮಿನ್ ಇ 44 ಯೂನಿಟ್. ಈ ಅಂಕಿಗಳನ್ನು ಬರೆದಿದ್ದು ಯಾರೂ ಬಿಡಿ ಬಿಡಿಯಾಗಿ ತಂದು ಮನೆಯಲ್ಲಿ ಅಳೆಯಲಿ ಅಂತಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಸತುವಾದರೆ ಸ್ವಲ್ಪ ಆಚೀಚೆ ನಡೆಯುತ್ತೆ, ಸೆಲೆನಿಯಂ ಹಾಗಲ್ಲ. ಕಿಲೋಗೆ ಐದು ಮಿಲಿಗ್ರಾಂ ದಾಟಿದರೆ ವಿಷ, ಕೂದಲು ಉದುರುತ್ತೆ, ಗೊರಸು ಕಳಚಿಕೊಳ್ಳುತ್ತೆ. ಪ್ರೀಮಿಕ್ಸನ್ನೂ ಸೀದಾ ಹಂಡೆಗೆ ಸುರಿಯಬಾರದು. ಮೊದಲು ಒಂದು ಕಿಲೋ ಹುರಿದ ತೌಡಿಗೆ ಕಲಸಿ, ಅದನ್ನು ಐದು ಕಿಲೋಗೆ, ಆಮೇಲೆ ಉಳಿದದ್ದಕ್ಕೆ. ಇಲ್ಲದಿದ್ದರೆ ಒಂದು ಹಂದಿಗೆ ಎಲ್ಲವೂ, ಇನ್ನೊಂದಕ್ಕೆ ಏನೂ ಇಲ್ಲ.

ಹೆರಿಗೆಗೆ ಮೂರು ವಾರ ಇರುವಾಗ ತಾಯಿಗೆ ವಿಟಮಿನ್ ಇ–ಸೆಲೆನಿಯಂ ಇಂಜೆಕ್ಷನ್ ಒಂದು ಕೊಟ್ಟೆ.

ನವೆಂಬರ್ ಹದಿನಾಲ್ಕರ ರಾತ್ರಿ ಹತ್ತು ಮರಿ ಹುಟ್ಟಿದವು. ಮೂರೂವರೆ ಗಂಟೆಯಲ್ಲಿ ಮುಗಿಯಿತು. ಒಂದು ಸತ್ತೇ ಹುಟ್ಟಿತು. ಮಾರನೇ ದಿನ ಉಳಿದ ಒಂಬತ್ತಕ್ಕೂ ವಿಟಮಿನ್ ಇ, ನಾಲ್ಕನೇ ದಿನ ಕಬ್ಬಿಣ. ಮೊದಲು ಎರಡೇ ಮರಿಗೆ ಕೊಟ್ಟೆ. ಕೊಟ್ಟು ಅಂಗಳದಲ್ಲೇ ಕೂತೆ, ಅಕ್ಕ ಚಹಾ ಮಾಡಿದರು, ಊಟವನ್ನೂ ಹಾಕಿದರು. ಸಂಜೆವರೆಗೂ ಎರಡೂ ಮೊಲೆಗೆ ಗುದ್ದಾಡುತ್ತಲೇ ಇದ್ದವು. ಕತ್ತಲಾಗುವ ಮುಂಚೆ ಉಳಿದ ಏಳಕ್ಕೂ ಕೊಟ್ಟು ಮನೆಗೆ ಬಂದೆ. ರಾತ್ರಿ ಹನ್ನೊಂದಕ್ಕೆ ನಾನೇ ಫೋನ್ ಮಾಡಿದೆ. ಒಂಬತ್ತೂ ಇವೆ ಅಂದರು.

ಹತ್ತನೇ ದಿನದಿಂದ ಅಕ್ಕ ತಾವಾಗಿಯೇ ಇನ್ನೊಂದು ಕೆಲಸ ಶುರು ಮಾಡಿದ್ದಾರೆ. ಹಂದಿ ಯಾವತ್ತೂ ಹೋಗದ ಗುಡ್ಡದ ಬದಿಯಿಂದ ಒಂದು ಬುಟ್ಟಿ ಕೆಂಪು ಮಣ್ಣು ತಂದು, ಒಲೆಯ ಮೇಲೆ ಚೆನ್ನಾಗಿ ಕಾಯಿಸಿ, ಮರಿಗಳ ಮೂಲೆಯಲ್ಲಿ ಹಾಕುತ್ತಾರೆ. ಕಾಯಿಸಿದರೆ ಜಂತುಹುಳದ ಮೊಟ್ಟೆಯ ಭಯ ಇಲ್ಲ. ಇಂಜೆಕ್ಷನ್ ಜೊತೆಗೆ ಇದೂ ಇರಲಿ ಅಂದೆ.

ಇದು ಒಂದೇ ಮನೆಯ ಲೆಕ್ಕ, ಒಮ್ಮೆಗೇ ಐದಾರು ವಿಷಯ ಬದಲಾಯಿಸಿದ್ದೇವೆ. ಹೆರಿಗೆ ಸಲೀಸಾಗಿದ್ದು ಸತುವಿಂದಲೋ, ತಾಜಾ ಮೇವಿಂದಲೋ, ಬೇರೆ ತಾಯಿ ಆಗಿದ್ದರಿಂದಲೋ ಅಂತ ಬಿಡಿಸಿ ಹೇಳೋಕೆ ಆಗಲ್ಲ. ಎರಡು ವಿಷಯ ಮಾತ್ರ ನನಗೆ ಖಚಿತ. ಮರಿಯ ಕಬ್ಬಿಣ ತಾಯಿಯ ಬಾಯಿಂದ ಹೋಗಲ್ಲ, ಮರಿಗೇ ಕೊಡಬೇಕು. ಸತು, ಸೆಲೆನಿಯಂ, ವಿಟಮಿನ್ ಇ ತಾಯಿಯಿಂದಲೇ ಬರಬೇಕು, ಅವು ಬಂದಿವೆಯಾ ಅಂತ ನೋಡದೆ ನಾನು ಇನ್ನು ಕಬ್ಬಿಣದ ಸೂಜಿ ಎತ್ತಲ್ಲ.

ಜೂನ್‌ನಲ್ಲಿ ಮೂರು ಮರಿ ಕಳೆದುಕೊಂಡ ಆ ನಾಲ್ಕನೇ ಸೂಲಿನ ಹಂದಿ ಅಕ್ಟೋಬರ್ ಕೊನೆಗೆ ಮತ್ತೆ ಗಬ್ಬವಾಗಿದೆ. ಫೆಬ್ರವರಿ ಮೂರನೇ ವಾರಕ್ಕೆ ಮರಿ. ಇನ್ನೂ ಸ್ವಲ್ಪ ಬಡಕಲಾಗಿದೆ, ಬೆನ್ನಿನ ಎಲುಬು ಕೈಗೆ ಸಿಗುತ್ತೆ, ಅದಕ್ಕೆ ಮೇವು ಒಂದು ಪಾಲು ಜಾಸ್ತಿ ಮಾಡಿದ್ದೇವೆ. ಅದರ ಗೂಡಿನ ಬಾಗಿಲಿಗೆ ಅಕ್ಕನ ಮಗ ಒಂದು ರಟ್ಟು ಕಟ್ಟಿದ್ದಾನೆ, ತೌಡು ತಂದ ದಿನ, ಇಂಜೆಕ್ಷನ್ ಕೊಡಬೇಕಾದ ದಿನ, ಎಲ್ಲ ಅದರ ಮೇಲಿದೆ.